ಗುಳೆ ಹೋದ ಮನೆಯ ಮಗು

ಮುಂಗಾರಿನ ಹೆಸರು, ಉದ್ದುಗಳ ರಾಶಿ ಮುಗಿದು, ಸೋಯಾಬೀನೂ ಹೊಲದಿಂದ ಅಡತಿಗೆ ಸಾಗಿದ ಮೇಲೆ, ಸ್ವಂತ ಭೂಮಿಯಿಲ್ಲದ, ಇಲ್ಲವೆ ಇದ್ದ ತುಂಡು ಭೂಮಿಗೆ ನೀರಿಲ್ಲದ ಔರಾದ ತಾಲ್ಲೂಕಿನ ಕುಟುಂಬಗಳು, ವಿಶೇಷವಾಗಿ ತಾಂಡಾಗಳ ಜನ, ಹೈದರಾಬಾದು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೋ ಕಬ್ಬಿನ ಕಟಾವಿಗೋ ಗುಳೆ ಹೊರಡುವುದು ಬೀದರ ಜಿಲ್ಲೆಯವರಾರಿಗೂ ಹೊಸ ಸಂಗತಿಯಲ್ಲ. ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕಕ್ಕೆ ಸೇರಿದ ಮಗು ದೀಪಾವಳಿ ಕಳೆಯುತ್ತಲೇ ತಂದೆತಾಯಿಗಳ ಬೆನ್ನುಹಿಡಿದು ಹೊರಟುಹೋಗುತ್ತದೆ. ಯುಗಾದಿಯ ಹೊತ್ತಿಗೆ ಮರಳಿದಾಗ ಅದರ ಓರಗೆಯವರು ವರ್ಷದ ಪಾಠವನ್ನೆಲ್ಲ ಮುಗಿಸಿರುತ್ತಾರೆ. ಹೋದ ಊರಿನಲ್ಲಿ ಹತ್ತು ವರ್ಷದ ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು, ನೀರು ಹೊತ್ತು, ಗುಡಿಸಿಲಿನ ಒಲೆ ನೋಡಿಕೊಂಡು, ತಾಯಿ ಕೂಲಿಗೆ ಹೋಗಲು ಅನುವು ಮಾಡಿಕೊಡುತ್ತಾಳೆ. ಆಕೆಯ ಕೈಗೆ ಕೂಲಿ ಬೀಳುವುದಿಲ್ಲವಾದುದರಿಂದ ಆ ದುಡಿಮೆಯು ದುಡಿಮೆಯೆಂದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಬಾಲಕಾರ್ಮಿಕರ ಪ್ರಸ್ತಾಪ ಬಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವನು ಬೀದರ ನಗರದ ಯಾವುದೋ ಗ್ಯಾರೇಜಿನಲ್ಲಿ ಪಾನಾ ಹಿಡಿದ, ಇಲ್ಲವೆ ಚಹದಂಗಡಿಯಲ್ಲಿ ಲೋಟ ತೊಳೆಯುವ ಹುಡುಗ. ಅವನನ್ನು ಬಿಡಿಸುವುದಕ್ಕೆ ಕಾನೂನಿದೆ: 1986ರ ಅಧಿನಿಯಮವನ್ನು 2016ರಲ್ಲಿ ತಿದ್ದಿ, 14 ವರ್ಷ ತುಂಬದವರನ್ನು ಯಾವ ಉದ್ಯೋಗದಲ್ಲಿಯೂ ನೇಮಿಸಕೂಡದೆಂದು ವಿಧಿಸಲಾಗಿದೆ. ಆದರೆ ಶಾಲೆಯ ವೇಳೆಯ ಅನಂತರ ಅಥವಾ ರಜೆಯಲ್ಲಿ ಮಗುವು ತನ್ನ ಕುಟುಂಬಕ್ಕೆ ನೆರವಾಗಬಹುದೆಂದೂ ಅದೇ ತಿದ್ದುಪಡಿ ಹೇಳುತ್ತದೆ. ಸಂಜೆ ಹೊಲಕ್ಕೆ ಬುತ್ತಿ ಒಯ್ಯುವ ಮಗುವಿನ ಮನೆಯವರನ್ನು ಅಪರಾಧಿಗಳೆನ್ನಬಾರದೆಂಬ ಅದರ ಆಶಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶಾಲೆಯೇ ಹಿಂದಿನ ಊರಿನಲ್ಲಿ ಉಳಿದುಹೋದ ಮಗುವಿಗೆ ಶಾಲೆಯ ವೇಳೆ ಯಾವುದು, ಅನಂತರದ ವೇಳೆ ಯಾವುದು?

ಹತ್ತು ವರ್ಷಗಳೊಳಗಾಗಿ 14 ವರ್ಷದವರೆಗಿನ ಸಕಲ ಬಾಲಕ ಬಾಲಿಕೆಯರಿಗೂ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಒದಗಿಸಲು ಯತ್ನಿಸುವುದಾಗಿ 1950ರ ಸಂವಿಧಾನವು ನುಡಿಯಿತ್ತಿತ್ತು. ಆ ನುಡಿ ಮೂಲಭೂತ ಹಕ್ಕಾಗುವುದಕ್ಕೆ 2002ರ ತಿದ್ದುಪಡಿಯೂ, ಅದಕ್ಕೊಂದು ಅಧಿನಿಯಮ ಜಾರಿಗೆ ಬರುವುದಕ್ಕೆ 2010ರ ಏಪ್ರಿಲ್ ತಿಂಗಳೂ ಬರಬೇಕಾಯಿತು. ವಲಸೆ ಹೋದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಆ ಅಧಿನಿಯಮ ಸ್ಪಷ್ಟವಾಗಿಯೇ ಹೇಳಿದೆ. ತೆಲಂಗಾಣದ ಇಲ್ಲವೆ ಮಹಾರಾಷ್ಟ್ರದ ಶಾಲೆಯಲ್ಲಿ ಕೂತ ಲಂಬಾಣಿ ಮಗುವಿಗೆ ಅಲ್ಲಿನ ಪಾಠದ ಭಾಷೆ ಎಷ್ಟು ದಕ್ಕೀತೆಂಬುದನ್ನು ಮಾತ್ರ ಅದು ಹೇಳಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75ನ್ನು ದಾಟಿದ್ದಾಗ ಬೀದರ ಜಿಲ್ಲೆಯದು 70ರ ಆಸುಪಾಸಿನಲ್ಲಿತ್ತು.

ಇಂಥ ಮಗುವಿಗೆ ಬೇಕಾದುದೇನೆಂಬುದು ಈ ನೆಲಕ್ಕೆ ತಿಳಿಯದ ವಿಷಯವೇನೂ ಅಲ್ಲ. ಗೀಲಾನಿನಿಂದ ಬಂದು ಬಹಮನೀ ರಾಜ್ಯದ ಮಂತ್ರಿಪದವಿಗೇರಿದ ಮಹಮೂದ್ ಗವಾನನು ಬೀದರಿನಲ್ಲಿ ಕಟ್ಟಿಸಿ 1472ರಲ್ಲಿ ಪೂರೈಸಿದ ಮದರಸವನ್ನು ನೋಡಿದವರು ಮೀನಾರಿನ ಮೇಲೆ ಅಳಿದುಳಿದ ಬಣ್ಣದ ಹೆಂಚುಗಳನ್ನು ಕೊಂಡಾಡುತ್ತಾರೆ; ಆದರೆ ಆ ಮೂರಂತಸ್ತಿನ ಭವನದಲ್ಲಿ ಬೋಧನಶಾಲೆ, ಗ್ರಂಥಾಲಯ, ಮಸೀದಿಗಳ ಜೊತೆಗೆ ಗುರುಗಳೂ ವಿದ್ಯಾರ್ಥಿಗಳೂ ವಾಸಿಸುವ ಕೋಣೆಗಳಿದ್ದುವೆಂಬುದು ನಮಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಔರಾದಕ್ಕೆ ಸೇರಿದ್ದ ಕಮಲನಗರದಲ್ಲಿ 1890ರಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಡಾ. ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದುದನ್ನು ನಾಡೆಲ್ಲ ಬಲ್ಲದು. ಹಳ್ಳಿಗಳಿಂದ ಬಂದ ಬಡಮಕ್ಕಳಿಗೆ ಅವರು ಅಕ್ಷರದೊಡನೆ ಪ್ರಸಾದವನ್ನೂ ವಸತಿಯನ್ನೂ ಇತ್ತರೆಂಬುದನ್ನು ಅಷ್ಟೇ ಅಭಿಮಾನದಿಂದ ನೆನೆಯಬೇಕು. ಆ ಮಠ ಇಂದಿಗೂ ಅನಾಥ ಶಿಶುಗಳನ್ನು ತಂದು ಸಾಕಿ ಓದಿಸುತ್ತಿದೆ. 2002ರ ಜೂನ್‌ನಲ್ಲಿ ಬೀದರವೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟವರು ಶರಣರ ನಾಡಿನ ಈ ಮನೋಧರ್ಮವನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಮಧ್ಯಾಹ್ನದ ಊಟ ಅಸಂಖ್ಯ ಮಕ್ಕಳನ್ನು ಶಾಲೆಯಲ್ಲಿ ನಿಲ್ಲಿಸಿದೆ. ಆದರೆ ಬೀಗ ಬಿದ್ದ ಮನೆಯ ಮಗುವಿಗೆ ರಾತ್ರಿಯ ಊಟವೂ ಮಲಗುವ ಎಡೆಯೂ ಬೇಕು. ಗುಳೆಯ ತಿಂಗಳುಗಳಷ್ಟೂ ಊರಿನ ಶಾಲೆಯ ಪಕ್ಕದಲ್ಲಿಯೇ ನಡೆಯುವ ವಸತಿನಿಲಯ, ಅದರಲ್ಲಿ ಮಗುವಿನ ಮನೆಮಾತಾದ ಲಂಬಾಣಿಯನ್ನೋ ಮರಾಠಿಯನ್ನೋ ಬಲ್ಲ, ತಾಯಂದಿರು ನೆಚ್ಚಿ ಹೆಣ್ಣುಮಕ್ಕಳನ್ನು ಒಪ್ಪಿಸಿ ಹೋಗಬಹುದಾದ ಒಬ್ಬ ಮೇಲ್ವಿಚಾರಕಿ, ಕೂಸುಗಳಿಗಾಗಿ ದಿನವಿಡೀ ತೆರೆದಿರುವ ಅಂಗನವಾಡಿ, ಇವಿಲ್ಲದೆ ಎಷ್ಟು ದಾಖಲಾತಿ ಆಂದೋಲನಗಳನ್ನು ನಡೆಯಿಸಿದರೂ ಜೂನ್ ತಿಂಗಳ ಹಾಜರಿ ಡಿಸೆಂಬರಿನಲ್ಲಿ ಕಾಣದು. ಇಂಥ ನಿಲಯಗಳು ಅಲ್ಲಲ್ಲಿ ನಡೆದಿಲ್ಲವೆಂದಲ್ಲ. ಆದರೆ ಗುಳೆ ಹೊರಟುಹೋದ ಮೇಲೆ ಬರುವ ಮಂಜೂರಾತಿಯಿಂದ ಪ್ರಯೋಜನವಿಲ್ಲ.

ಆದುದರಿಂದ ಔರಾದ, ಭಾಲ್ಕಿಗಳ ಗ್ರಾಮ ಪಂಚಾಯತಿಗಳ ಸದಸ್ಯರಲ್ಲಿಯೂ, ಶಾಲಾ ಸಮಿತಿಗಳ ಹಿರಿಯರಲ್ಲಿಯೂ, ಮಠಮಾನ್ಯಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ: ದಸರೆಗೆ ಮೊದಲೇ ತಾಂಡಾ ತಾಂಡಾಗಳಿಗೆ ಹೋಗಿ, ಈ ಸಲ ಯಾವ ಯಾವ ಮನೆಗಳು ಹೊರಡಲಿವೆ, ಯಾವ ಮಕ್ಕಳು ಉಳಿಯಬೇಕು ಎಂಬ ಪಟ್ಟಿಯನ್ನು ಮಾಡಿ, ಅವರಿಗೆ ಊಟ ವಸತಿಗಳ ವ್ಯವಸ್ಥೆಯನ್ನು ಮುಂಚಿತವಾಗಿ ಕೇಳಿ ಪಡೆಯಿರಿ.