ಆಕ್ಸಲ್ ಬಿಚ್ಚೋಕೆ ಸುತ್ತಿಗೆ ಸಾಲದು, ಹೋಬಳಿಗೊಂದು ಪುಲ್ಲರ್ ಸೆಟ್ ಬೇಕು

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನಮ್ಮ ಹಾವೇರಿ ಜಿಲ್ಲೆಯ ರಸ್ತೆಗಳಲ್ಲಿ ಬ್ಯಾಡಗಿ ಕಡೆಗೆ ಹೊರಟ ಪಿಕಪ್‌ಗಳದ್ದೇ ಸಾಲು. ಕಬ್ಬಿನ ಕಾಲಕ್ಕೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ಈ ಹೊರೆಯ ಬಹುಪಾಲು ಬೀಳುವುದು ಹಿಂದಿನ ಆಕ್ಸಲ್ ಮೇಲೆ. ಅದು ಕೆಟ್ಟು ನಿಂತಾಗ ನಮ್ಮ ಹೋಬಳಿ ಗ್ಯಾರೇಜುಗಳಲ್ಲಿ ಬಿಚ್ಚಲು ಸಿಗುವುದೇನು? ಹೆಚ್ಚಿನ ಕಡೆ ಸುತ್ತಿಗೆ, ಉಳಿ, ಅದೂ ಸಾಲದಿದ್ದರೆ ಗ್ಯಾಸ್ ಕಟರ್.

ಸುದ್ದಿ ಬರೆಯುವವರಿಗೆ ಗ್ಯಾರೇಜಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅಪಘಾತದ ಸುದ್ದಿಗಳಲ್ಲಿ ‘ಬ್ರೇಕ್ ಫೇಲ್’ ಎಂಬ ಎರಡು ಪದ ಓದಿರುತ್ತೀರಿ. ಬ್ರೇಕ್ ತಾನಾಗಿಯೇ ಫೇಲ್ ಆಗುವುದಿಲ್ಲ. ಆ ಎರಡು ಪದದ ಹಿಂದೆ ಕೆಲವೊಮ್ಮೆ ಉಳಿಯ ಒಂದು ಗೀರು ಇರುತ್ತದೆ. ಅದು ಹೇಗೆ ಅನ್ನುವುದನ್ನು ಮೊದಲು ಹೇಳುತ್ತೇವೆ.

ಜೀಪು ಮತ್ತು ಚಿಕ್ಕ ಪಿಕಪ್‌ಗಳ ಹಿಂದಿನ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಶಾಫ್ಟೇ ಗಾಲಿಯನ್ನು ತಿರುಗಿಸುತ್ತದೆ, ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ. ಲಾರಿಗಳಲ್ಲಿ ಹಾಗಲ್ಲ. ಅಲ್ಲಿ ಭಾರ ಹೊರುವುದು ಹೌಸಿಂಗ್ ಮತ್ತು ಹಬ್ ಬೇರಿಂಗ್, ಶಾಫ್ಟಿನದ್ದು ತಿರುಗಿಸುವ ಕೆಲಸ ಮಾತ್ರ. ಪಿಕಪ್ ಶಾಫ್ಟಿನ ತುದಿಯಲ್ಲಿ ಬೇರಿಂಗ್ ಬಿಗಿಯಾಗಿ ಕೂತಿರುತ್ತದೆ, ಅದು ಜಾರದಂತೆ ಒಂದು ಉಂಗುರವೂ ಇರುತ್ತದೆ. ಒಳಗಿನ 90 ನಂಬರ್ ಆಯಿಲ್ ಹೊರಗೆ ಬರದಂತೆ ತಡೆಯುವುದು ಶಾಫ್ಟಿನ ಮೇಲೆ ಒರೆಸಿಕೊಂಡು ಕೂರುವ ಆಯಿಲ್ ಸೀಲ್.

ಬೇರಿಂಗ್ ಬಿಡಿಸಲು ಹೋದ ಉಳಿ ಜಾರಿ ಸೀಲ್ ಕೂರುವ ಜಾಗಕ್ಕೆ ಗೀರು ಬಿತ್ತು ಅನ್ನಿ. ಹೊಸ ಸೀಲ್ ಹಾಕಿದರೂ ಆಯಿಲ್ ಜಿನುಗುತ್ತದೆ. ಜಿನುಗಿದ್ದು ಹೋಗಿ ಸೇರುವುದು ಪಕ್ಕದ ಬ್ರೇಕ್ ಶೂಗೆ. ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ. ಒಂದು ಗಾಲಿ ಹಿಡಿದು ಇನ್ನೊಂದು ಹಿಡಿಯದಿದ್ದರೆ ಲೋಡ್ ತುಂಬಿದ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಇನ್ನು ಗ್ಯಾಸ್ ಕಟರ್ ಹಿಡಿದರೆ ಶಾಫ್ಟಿಗೆ ಕಾರ್ಖಾನೆಯಲ್ಲಿ ಕೊಟ್ಟ ಗಡಸುತನವೇ ಹೋಗುತ್ತದೆ. ಕಣ್ಣಿಗೆ ಅದು ಕಾಣಿಸುವುದಿಲ್ಲ. ಒಂದು ದಿನ ಲೋಡಿನಲ್ಲಿ ಶಾಫ್ಟ್ ಮುರಿದಾಗ ಗೊತ್ತಾಗುತ್ತದೆ.

ಇದಕ್ಕೆಂದೇ ಸಾಮಾನುಗಳಿವೆ. ಹೌಸಿಂಗ್‌ನಿಂದ ಶಾಫ್ಟ್ ಹೊರಗೆಳೆಯಲು ಸ್ಲೈಡ್ ಹ್ಯಾಮರ್, ಅಂದರೆ ಸರಳಿನ ಮೇಲೆ ಜಾರುವ ತೂಕದ ಸುತ್ತಿಗೆ. ಅದರ ಏಟು ನೇರವಾಗಿ ಹೊರಮುಖವಾಗಿ ಬೀಳುತ್ತದೆ. ಬೇರಿಂಗ್ ಬಿಡಿಸಲು ಹಿಂದಿನಿಂದ ಹಿಡಿಯುವ ಸೆಪರೇಟರ್ ಪ್ಲೇಟ್ ಮತ್ತು ಹೈಡ್ರಾಲಿಕ್ ಪ್ರೆಸ್. ಹಬ್‌ಗೆ, ಗೇರಿಗೆ ಪುಲ್ಲರ್. ಜಾಗ ಇದ್ದರೆ ಎರಡು ಕಾಲಿನದಕ್ಕಿಂತ ಮೂರು ಕಾಲಿನ ಪುಲ್ಲರ್ ಒಳ್ಳೆಯದು, ಎಳೆತ ಸುತ್ತಲೂ ಸಮನಾಗಿ ಬೀಳುತ್ತದೆ. ಕೊಳ್ಳುವಾಗ ಎಷ್ಟು ಟನ್ ಎಂದು ಮಾತ್ರ ನೋಡಬೇಡಿ. ಕಾಲು ಎಷ್ಟು ಅಗಲಕ್ಕೆ ತೆರೆಯುತ್ತದೆ, ಎಷ್ಟು ಆಳಕ್ಕೆ ಹೋಗುತ್ತದೆ ಎಂದೂ ಅಳೆದು ನೋಡಿ. ಸ್ಕ್ರೂಗೆ ಗ್ರೀಸ್ ಹಚ್ಚಿ, ಎಳೆಯುವಾಗ ಮೇಲೊಂದು ದಪ್ಪ ಗೋಣಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ಬೇರಿಂಗ್ ಗಟ್ಟಿ ಉಕ್ಕು, ಒಡೆದರೆ ಚೂರು ಹಾರುತ್ತದೆ. ಪ್ರೆಸ್ ಮುಂದೆ ನಿಲ್ಲುವವರಿಗೂ ಇದೇ ಮಾತು.

ಉಳಿಗೆ ಇಲ್ಲಿ ಜಾಗವೇ ಇಲ್ಲ ಎನ್ನುತ್ತಿಲ್ಲ. ಬೇರಿಂಗ್ ಹಿಡಿದ ಆ ಉಂಗುರವನ್ನು ಶಾಫ್ಟಿಗೆ ತಾಗದಷ್ಟು ಆಳಕ್ಕೆ ಡ್ರಿಲ್ ಮಾಡಿ, ಉಳಿಯಿಂದ ಒಂದೇಟು ಕೊಟ್ಟು ಸೀಳುವುದು ಸರಿಯಾದ ಪದ್ಧತಿಯೇ. ಉಂಗುರ ಹೇಗೂ ಹೊಸದು ಬೀಳುತ್ತದೆ. ಅಲ್ಲಿಗೆ ಉಳಿಯ ಕೆಲಸ ಮುಗಿಯಿತು.

ಹೊಸ ಬೇರಿಂಗ್ ಕೂರಿಸುವುದರಲ್ಲೂ ಒಂದು ನಿಯಮವಿದೆ. ಶಾಫ್ಟಿಗೆ ಏರಿಸುವಾಗ ಒಳಬಳೆಯ ಮೇಲೆ ಒತ್ತಬೇಕು, ಹೌಸಿಂಗ್ ಒಳಗೆ ಕೂರಿಸುವಾಗ ಹೊರಬಳೆಯ ಮೇಲೆ. ಒತ್ತಡ ಗುಂಡು ಅಥವಾ ರೋಲರ್ ಮೂಲಕ ಹಾದರೆ ಹೊಸ ಬೇರಿಂಗ್ ಡಬ್ಬಿಯಿಂದ ತೆಗೆದ ದಿನವೇ ಗಾಯಗೊಂಡಂತೆ. ಕೆಲ ದಿನದಲ್ಲೇ ‘ಗುಂಯ್’ ಎನ್ನತೊಡಗುತ್ತದೆ. ಆಗ ಬೈಗುಳ ತಿನ್ನುವುದು ಬೇರಿಂಗ್ ಕಂಪನಿ.

ಕ್ರೌನ್ ಪಿನಿಯನ್ ಕೆಲಸವಂತೂ ಅಂದಾಜಿನಲ್ಲಿ ಮಾಡುವಂಥದ್ದಲ್ಲ. ಎರಡು ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಡಯಲ್ ಗೇಜ್‌ನಿಂದ ಅಳೆಯಬೇಕು. ಎಷ್ಟಿರಬೇಕು ಎಂಬುದು ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿತ್ತೋ ಅಂಚಿಗೆ ಬಿತ್ತೋ ನೋಡಬೇಕು. ಕೈಯಲ್ಲಿ ಅಲ್ಲಾಡಿಸಿ ‘ಕರೆಕ್ಟ್ ಇದೆ’ ಎಂದರೆ ಕಿವಿ ಹೇಳಿದ ಲೆಕ್ಕ, ಗೇಜ್ ಹೇಳಿದ್ದಲ್ಲ. ಕೆಲವು ಗಾಡಿಗಳಲ್ಲಿ ಪಿನಿಯನ್ ನಟ್ ಬಿಗಿಯುವಾಗ ಒಳಗಿನ ಒಂದು ಸ್ಲೀವ್ ಕುಗ್ಗಿ ಬಿಗಿತ ಕೊಡುತ್ತದೆ. ಹೆಚ್ಚು ಬಿಗಿದರೆ ನಟ್ ಸಡಿಲಿಸಿ ಸರಿ ಮಾಡಲಾಗದು, ಸ್ಲೀವ್ ಹೊಸದೇ ಹಾಕಬೇಕು.

ಟಾರ್ಕ್ ರೆಂಚ್ ಇರುವುದು ಬಿಗಿಯಲು. ಜಾಮ್ ಆದ ನಟ್ ಬಿಡಿಸಲು ಅದನ್ನು ಬಳಸಬೇಡಿ. ಕೆಲಸ ಮುಗಿದ ಮೇಲೆ ಅದನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋತು ಸುಳ್ಳು ಹೇಳಲು ಶುರು ಮಾಡುತ್ತದೆ. ಹಬ್ ನಟ್‌ಗೆ ಅದರದ್ದೇ ಅಳತೆಯ ಬಾಕ್ಸ್ ಪಾನಾ ಕೊಳ್ಳಿ. ಉಳಿ ಇಟ್ಟು ಹೊಡೆದು ತಿರುಗಿಸಿದ ನಟ್‌ನ ಬಿಗಿತ ಎಷ್ಟೆಂದು ಯಾರೂ ಹೇಳಲಾರರು.

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ್ದು ಸ್ಟ್ಯಾಂಡ್. ಜಾಕಿ ಎತ್ತಲು ಮಾತ್ರ. ಅದರ ಸೀಲ್ ಸೋತರೆ ಗಾಡಿ ಕೆಳಗೆ ಬರುತ್ತದೆ, ಕೆಳಗೆ ಮಲಗಿದ ಹುಡುಗನನ್ನು ಕೇಳಿ ಬರುವುದಿಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಅವು ಒಮ್ಮೆಲೇ ಪುಡಿಯಾಗುತ್ತವೆ. ಗಟ್ಟಿ ನೆಲ, ಮುಂದಿನ ಗಾಲಿಗೆ ಅಡೆ, ತೂಕಕ್ಕೆ ತಕ್ಕ ಎರಡು ಸ್ಟ್ಯಾಂಡ್. ಟ್ರ್ಯಾಕ್ಟರ್ ಆದರೆ ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ಓಲಾಡುತ್ತದೆ. ಅದಕ್ಕೆ ಎರಡೂ ಕಡೆ ಮರದ ಬೆಣೆ ಹೊಡೆದ ಮೇಲೆಯೇ ಹಿಂದೆ ಎತ್ತಬೇಕು. ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ ಆ ಗಾಲಿ ಇಬ್ಬರ ಕೈಗೂ ಸಿಗುವ ತೂಕವಲ್ಲ.

‘ನಮ್ಮ ಮೇಸ್ತ್ರಿ ಮೂವತ್ತು ವರ್ಷದಿಂದ ಸುತ್ತಿಗೆಯಲ್ಲೇ ಮಾಡಿದ್ದಾರೆ’ ಎನ್ನುವವರಿದ್ದಾರೆ. ಆ ಕೈಗುಣಕ್ಕೆ ನಮ್ಮ ಗೌರವವಿದೆ. ಸದ್ದು ಕೇಳಿಯೇ ರೋಗ ಹೇಳುವ ಅಂಥವರು ಪಟ್ಟಣದ ಶೋರೂಮಿನಲ್ಲೂ ಸಿಗುವುದು ಕಷ್ಟ. ಆದರೆ ರೋಗ ಹಿಡಿಯುವ ಕಿವಿ ಬೇರೆ, ಆಪರೇಷನ್ನಿನ ಸಾಮಾನು ಬೇರೆ. ನಮ್ಮ ದೂರು ಮೇಸ್ತ್ರಿಯ ಮೇಲಲ್ಲ. ಮಜೂರಿಯಲ್ಲಿ ಇನ್ನೂರು ಉಳಿಸಲು ಜಗ್ಗಾಡುವ, ‘ಸಂಜೆಯೊಳಗೆ ಬೇಕು’ ಎಂದು ತಲೆಯ ಮೇಲೆ ಕೂರುವ ಗಾಡಿ ಮಾಲೀಕರೂ ಆ ಸುತ್ತಿಗೆಗೆ ಹಿಡಿ ಹಾಕಿದವರೇ. ವರ್ಷಕ್ಕೆ ಕೆಲವೇ ಬಾರಿ ಬೇಕಾಗುವ ಪ್ರೆಸ್ಸು, ಡಯಲ್ ಗೇಜ್‌ಗಳನ್ನು ಒಂದು ಚಿಕ್ಕ ಗ್ಯಾರೇಜು ಒಬ್ಬಂಟಿಯಾಗಿ ಕೊಂಡರೆ ಗಿಟ್ಟುವುದಿಲ್ಲ ಎಂಬುದೂ ನಿಜ.

ಸರ್ಕಾರ ಇಲ್ಲಿಗೆ ಬರಬೇಕು ಎಂಬುದು ನಮ್ಮ ವಾದ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಕಮ್ಮಾರರಿದ್ದಾರೆ, ಬೀಗ ಮಾಡುವವರಿದ್ದಾರೆ, ದೋಣಿ ಕಟ್ಟುವವರಿದ್ದಾರೆ. ಇರಲೇಬೇಕು. ಆದರೆ ಗಾಡಿ ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ. ನಮ್ಮ ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೈತರಿಗೆ ಯಂತ್ರ ಬಾಡಿಗೆಗೆ ಸಿಗುತ್ತದೆ. ಆ ಯಂತ್ರ ರಿಪೇರಿ ಮಾಡುವ ಸಾಮಾನನ್ನೂ ಅಲ್ಲಿಯೇ ದಿನದ ಬಾಡಿಗೆಗೆ ಇಟ್ಟರೆ ತಪ್ಪೇನು? ಒಂದು ಪ್ರೆಸ್, ಒಂದು ಪುಲ್ಲರ್ ಸೆಟ್, ಒಂದು ಡಯಲ್ ಗೇಜ್, ಎರಡು ಟಾರ್ಕ್ ರೆಂಚ್. ಇಡೀ ಹೋಬಳಿಗೆ ಸಾಕು.

ಅದು ಬರುವವರೆಗೂ ಕಾಯಬೇಕಿಲ್ಲ. ಅಕ್ಕಪಕ್ಕದ ನಾಲ್ಕು ಗ್ಯಾರೇಜಿನವರು ಸೇರಿ ಕೊಳ್ಳಬಹುದು, ಮುದ್ರಾ ಶಿಶು ಸಾಲ 50,000 ರೂಪಾಯಿವರೆಗೆ ಇದೆ. ಪ್ರೆಸ್ ಲೇತ್ ಅಂಗಡಿಯಲ್ಲಿ ಇರಲಿ, ಉಳಿದದ್ದು ಸರದಿಯಲ್ಲಿ ಓಡಾಡಲಿ. ಯಾರು ಒಯ್ದರು ಎಂದು ಬರೆಯಲು ಒಂದು ನೋಟ್‌ಬುಕ್ ಸಾಕು.

ಗಾಡಿ ಮಾಲೀಕರೇ, ಮುಂದಿನ ಸಲ ಹಿಂದಿನ ಗಾಲಿಯಲ್ಲಿ ಆಯಿಲ್ ಕಂಡರೆ ಮೂರು ಮಾತು ಕೇಳಿ. ಬೇರಿಂಗ್ ಪ್ರೆಸ್‌ನಲ್ಲಿ ಬಿಡಿಸುತ್ತೀರಾ? ಸೀಲ್ ಕೂರುವ ಜಾಗ ನೋಡಿದಿರಾ? ಹೌಸಿಂಗ್ ಮೇಲಿನ ಗಾಳಿಕಿಂಡಿ, ಅದೇ ಬ್ರೀದರ್, ಮಣ್ಣು ಕಟ್ಟಿದೆಯಾ? ಅದು ಕಟ್ಟಿದ್ದರೆ ಒಳಗಿನ ಒತ್ತಡಕ್ಕೆ ಎಷ್ಟು ಸೀಲ್ ಹಾಕಿದರೂ ಆಯಿಲ್ ಹೊರಗೆ ಬರುತ್ತದೆ. ಕೇಳಿದ ಮೇಲೆ ಪ್ರೆಸ್‌ಗೆ ಒಯ್ದು ತರುವ ಖರ್ಚನ್ನು ಜಗ್ಗಾಡದೆ ಕೊಡಿ. ಶಾಫ್ಟ್, ಸೀಲ್, ಲೈನರ್ ಮತ್ತೆ ಹಾಕಿಸುವ ಖರ್ಚಿಗೆ ಹೋಲಿಸಿದರೆ ಅದು ದೊಡ್ಡ ಹಣವಲ್ಲ.