ನೋವು ಕೇಳುವ ಸಿಸ್ಟರಿಗೆ ನಮ್ಮ ಭಾಷೆ ಬೇಡವೇ?

ಪಂಚಾಯತಿನ ಪಾಲಿಯೇಟಿವ್ ವಾಹನ ಗುಡ್ಡ ಹತ್ತಿ ಬರುವಾಗ "ಟ್ಯೂಬು ಬದಲಿಸುವವರು ಬಂದರು" ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ತಪ್ಪು ಅಲ್ಲಿಂದಲೇ ಸುರು. ಹಾಸಿಗೆ ಹಿಡಿದವರ ಮನೆಗೆ ಡಾಕ್ಟರರು ಬರುವುದು ಅಪರೂಪ. ಬೆನ್ನಿನ ಹುಣ್ಣನ್ನು ಮೊದಲು ಕಾಣುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಸೊಸೆಗೆ ಮಾಡಿ ತೋರಿಸುವುದು, ನೋವಿನ ಮಾತ್ರೆ ಸಾಲದಿದ್ದರೆ ಡಾಕ್ಟರರಿಗೆ ತಿಳಿಸುವುದು, ಎಲ್ಲ ಸಿಸ್ಟರೇ. 2008ರಲ್ಲಿ ಕೇರಳ ಪಾಲಿಯೇಟಿವ್ ನೀತಿ ತಂದಾಗ ದೇಶದ ಬೇರೆ ಯಾವ ರಾಜ್ಯದಲ್ಲೂ ಅಂಥದ್ದು ಇರಲಿಲ್ಲ. ಅದನ್ನು ಒಪ್ಪಬೇಕು, ಹೆಮ್ಮೆಯೂ ಪಡಬೇಕು.

ಆದರೆ ಸಿಸ್ಟರಿಗೆ ಕನ್ನಡವೂ ಬಾರದು, ತುಳುವೂ ಬಾರದು ಎಂದಾದರೆ ಏನಾಗುತ್ತದೆ ನೋಡಿ. "ವೇದನ ಉಂಡೋ?" ಎಂದು ಕೇಳುತ್ತಾರೆ. ಅಜ್ಜಿ ತಲೆಯಾಡಿಸುತ್ತಾರೆ. ನೋವು ಉಂಟು ಎಂದು ಗೊತ್ತಾಯಿತು. ಎಂಥ ನೋವು? ಉರಿಯುವುದೋ, ಕುತ್ತುವುದೋ, ಸೆಳೆಯುವುದೋ? ಮಾತಿನ ಚೆಂದಕ್ಕೆ ಕೇಳುವ ಪ್ರಶ್ನೆಯೇ ಇದು? ನರದಿಂದ ಬರುವ ಉರಿಗೆ, ಕರೆಂಟು ಹೊಡೆದಂಥ ನೋವಿಗೆ ಮಾರ್ಫಿನ್ ಒಂದೇ ಎಷ್ಟೋ ಸಲ ಸಾಲುವುದಿಲ್ಲ, ಬೇರೆ ಮಾತ್ರೆ ಸೇರಿಸಬೇಕಾಗುತ್ತದೆ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲ ಕಟ್ಟುತ್ತದೆ, ಅದನ್ನೂ ಕೇಳಿ ತಿಳಿಯಬೇಕು. ಎಂಬತ್ತು ವರ್ಷದ ಅಜ್ಜಿ ಈ ಮಾತನ್ನು ಮೊಮ್ಮಗನ ಬಾಯಲ್ಲಿ ತರ್ಜುಮೆ ಮಾಡಿಸಿ ಹೇಳಿಯಾರೇ? ನಾಚಿಕೆಯಿಂದ "ಎಂತ ಇಲ್ಲ" ಎಂದುಬಿಡುತ್ತಾರೆ. ಪುಸ್ತಕದಲ್ಲಿ ಎಂತ ಇಲ್ಲ ಎಂದೇ ದಾಖಲಾಗುತ್ತದೆ.

ಎಣ್ಮಕಜೆಯಂಥ ಕಡೆಗಳಲ್ಲಿ ಇದು ಇನ್ನೂ ಕಷ್ಟ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳವು. ಮಾತೇ ಬಾರದ ಮಕ್ಕಳು ಆ ಮನೆಗಳಲ್ಲಿದ್ದಾರೆ. ಮಗುವಿಗೆ ಎಲ್ಲಿ ನೋಯುತ್ತದೆ ಎಂದು ತಾಯಿಗೆ ಮಾತ್ರ ಗೊತ್ತು. ಆ ತಾಯಿಯ ಮಾತು ಕನ್ನಡ, ಇಲ್ಲವೇ ತುಳು.

"ಕೇರಳದಲ್ಲಿದ್ದ ಮೇಲೆ ಮಲಯಾಳ ಕಲಿಯಲಿ" ಎನ್ನುವವರಿದ್ದಾರೆ. ಮಕ್ಕಳು ಕಲಿಯಲಿ, ಕಲಿಯುತ್ತಲೂ ಇದ್ದಾರೆ. ಕ್ಯಾನ್ಸರು ಬಂದ ಮೇಲೆ ಅಜ್ಜಿಯೂ ಕಲಿಯಬೇಕೇ ಮಾರಾಯ್ರೆ? 1969ರ ರಾಜ್ಯಭಾಷಾ ಕಾಯ್ದೆಯೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗೆ ಕೊಟ್ಟಿದೆ. ಪಿಎಸ್‌ಸಿಯವರು ಕಾಸರಗೋಡಿಗೆ ಕನ್ನಡ, ಮಲಯಾಳ ಎರಡೂ ಬಲ್ಲ ಕ್ಲರ್ಕುಗಳನ್ನು ಬೇರೆಯೇ ಆರಿಸುತ್ತಾರೆ. ಕಾಗದ ಓದುವವರಿಗೆ ಕನ್ನಡ ಬೇಕು, ನೋವು ಕೇಳುವವರಿಗೆ ಬೇಡ! ಇದೆಂಥ ನ್ಯಾಯ?

ಬರುವ ಸಿಸ್ಟರಂದಿರನ್ನು ನಾನು ದೂರುತ್ತಿಲ್ಲ. ತೆಂಕಣದಿಂದ ಬಂದು, ರೋಗಿಗಳ ಹತ್ತಿರ ಕೂತೇ ತುಳು ಕಲಿತವರನ್ನು ಕಂಡಿದ್ದೇನೆ. ಆದರೆ ಹೆಚ್ಚಿನವರದ್ದು ಕರಾರಿನ ಕೆಲಸ. ಭಾಷೆ ಕೈಗೆ ಹತ್ತಿತು ಎನ್ನುವಾಗ ಅವಧಿ ಮುಗಿಯುತ್ತದೆ, ಅವರು ಹೋಗುತ್ತಾರೆ, ಇನ್ನೊಬ್ಬರು "ವೇದನ ಉಂಡೋ" ಎಂಬಲ್ಲಿಂದ ಪುನಃ ಸುರುಮಾಡುತ್ತಾರೆ. ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತ ಹುಡುಗಿಯರು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಗಲ್ಫಿಗೆ ಹೋಗುತ್ತಾರೆ. ಸಂಬಳ ಯಾರಿಗೆ ಬೇಡ? ಊರಲ್ಲೇ ಕನ್ನಡ ಬಲ್ಲವರಿಗೆಂದು ಖಾಯಂ ಹುದ್ದೆ ಇದ್ದರೆ ನಾಲ್ಕು ಮಂದಿಯಾದರೂ ನಿಂತಾರು.

ಪಾಲಿಯೇಟಿವ್ ಕೆಲಸಕ್ಕೆ ಪಂಚಾಯತು ವರ್ಷದ ಯೋಜನೆಯಲ್ಲಿ ಹಣ ಇಡುತ್ತದೆ. ಯೋಜನೆಯ ಚರ್ಚೆ ಗ್ರಾಮಸಭೆಗೆ ಬರುತ್ತದೆ. ಸಾಲ ಸಬ್ಸಿಡಿಯ ಹೆಸರು ಬರೆಸಿ ಎದ್ದು ಹೋಗದೆ, ಮುಂದಿನ ಸಭೆಯಲ್ಲಿ ಎರಡು ಬೇಡಿಕೆ ಇಡೋಣ: ಕನ್ನಡ ಅಥವಾ ತುಳು ಬಲ್ಲ ಸಿಸ್ಟರು, ಮಾತ್ರೆಯ ಹೊತ್ತನ್ನು ಕನ್ನಡದಲ್ಲೂ ಬರೆದ ಚೀಟಿ. ಮಾಷ್ಟ್ರುಗಳು, ಟೀಚರಂದಿರು ಕೂತರೆ ಅರ್ಜಿ ಬರೆಯುವುದು ಅರ್ಧ ಗಂಟೆಯ ಕೆಲಸ. ಅದು ಕನ್ನಡದಲ್ಲೇ ಇರಲಿ. ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ.