ಅಳೆಯಬೇಕಾದ್ದು ಇಳಿಯುವ ನೆಲವನ್ನು

ಸ್ನೋಬೋರ್ಡ್ ಜಿಗಿತದ ಅಪಾಯವೆಲ್ಲ ಎತ್ತರದಲ್ಲಿದೆ, ದಿಣ್ಣೆ ತಗ್ಗಿಸಿದರೆ ಸಾಕು ಎಂಬ ವಾದ ಭೌತಶಾಸ್ತ್ರದ ಮುಂದೆ ನಿಲ್ಲುವುದಿಲ್ಲ.

3 ಮೀಟರ್ ಮೇಲಿಂದ ಸಮತಟ್ಟು ನೆಲಕ್ಕೆ ಬಿದ್ದವರು ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ ಅಪ್ಪಳಿಸುತ್ತಾರೆ. ಅದೇ ಎತ್ತರದಿಂದ, ಹಾರಿದವರ ಪಥದಷ್ಟೇ ಓರೆಯಾದ ಇಳಿಜಾರಿಗೆ ಬಂದರೆ ಹಲಗೆ ಹಿಮವನ್ನು ಸವರಿಕೊಂಡು ಸಾಗುತ್ತದೆ. ಮಂಡಿಗೆ ಬೀಳುವ ಪೆಟ್ಟು ನೆಲಕ್ಕೆ ಲಂಬವಾದ ವೇಗದ್ದು ಮಾತ್ರ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಮಾಂಟ್ ಹಬ್ಬಾರ್ಡ್ ಸುರಕ್ಷಿತ ಜಿಗಿತದ ವಿನ್ಯಾಸವನ್ನು ಕಟ್ಟಿದ್ದು ಈ ಲೆಕ್ಕದ ಮೇಲೆಯೇ.

ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಸಮೀಪದ ಲಾಂಡ್‌ಗ್ರಾಫ್‌ನಲ್ಲಿ, ಹಳೆಯ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡದ ಮೇಲೆ ಸ್ನೋವರ್ಲ್ಡ್ ಒಳಾಂಗಣ ಹಿಮಾಂಗಣವಿದೆ. ಈ ಲೆಕ್ಕ ಅಲ್ಲಿನ ಜಿಗಿತಗಳಿಗೂ ಅನ್ವಯಿಸುತ್ತದೆ; ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಕನ್ನಡ ಕುಟುಂಬಗಳು ದಿಣ್ಣೆಯ ಎತ್ತರ ಕೇಳಿ ಸುಮ್ಮನಾಗಬಾರದು.

ಇಳಿಯುವ ಜಾಗ ಎಷ್ಟು ಓರೆಯಾಗಿದೆ, ಎಲ್ಲಿ ಸಮತಟ್ಟಾಗುತ್ತದೆ ಎಂದು ಮೊದಲು ಕೇಳಲಿ.